ಮದುವೆಯಾಗು-

ಗುರುವಾರ ಬೆಳಿಗ್ಗೆ ವಾರಪತ್ರಿಕೆ ಬಾಗಿಲಿಗೆ ಬಂದು ಬಿದ್ದರೆ ಆ ಮನೆಯಲ್ಲಿ ಅದನ್ನು ಮೊದಲು ಮುಟ್ಟುವ ಹಕ್ಕು ಅತ್ತೆಯದು. ಪತ್ರಿಕೆಯ ಪುಟ ಕಟ್ಟುವವಳು ಸ್ವಂತ ಸೊಸೆಯೇ ಆಗಿದ್ದರೂ ಅದರಲ್ಲಿ ರಿಯಾಯಿತಿ ಇರಲಿಲ್ಲ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಜೀವಮಾನವಿಡೀ ಯಾರದೋ ಮಾತನ್ನು ಯಾರಿಗೋ ಜೋಡಿಸಿಕೊಟ್ಟು, ಅದು ಎಲ್ಲಿಗೆ ಮುಟ್ಟಿತೆಂದು ತಿಳಿಯುವ ಮೊದಲೇ ಇನ್ನೊಂದು ಕರೆಗೆ ಕೈ ಹಾಕಿದವರು. ಹಾಗಾಗಿ ಈಗ ಯಾವ ಮಾತನ್ನೂ ಅರ್ಧಕ್ಕೆ ಬಿಡುವ ತಾಳ್ಮೆ ಅವರಲ್ಲಿ ಉಳಿದಿರಲಿಲ್ಲ. ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕೇಳಲೇಬೇಕೆಂದು ಯಾರಿಗೂ ಬಲವಂತವಿಲ್ಲ. ಆದರೆ ಅಡುಗೆಮನೆಯಲ್ಲಿರಿ, ಬಚ್ಚಲಲ್ಲಿರಿ, ಕೇಳಿಸುತ್ತಿತ್ತು.

ಆ ವರ್ಷದ ಧಾರಾವಾಹಿ ಗಡಿಯಾರ ರಿಪೇರಿ ಮಾಡುವ ಹೆಂಗಸೊಬ್ಬಳ ಕಥೆ. ಅಪ್ಪ ಬಿಟ್ಟುಹೋದ ಅಂಗಡಿಯನ್ನು ಒಬ್ಬಳೇ ನಡೆಸುತ್ತಾಳೆ. ಸರ್ವೇಯರೊಬ್ಬ ಅಲ್ಲಿಗೆ ಒಂದೇ ಕೈಗಡಿಯಾರವನ್ನು ಮತ್ತೆ ಮತ್ತೆ ರಿಪೇರಿಗೆ ತರುತ್ತಾನೆ. ಮನೆಗೆ ಹೋಗಿ ಅವನೇ ಅದನ್ನು ಕೆಡಿಸಿಕೊಂಡು ಬರುತ್ತಾನೆಂಬುದು ಓದುಗರಿಗೆಲ್ಲ ಗೊತ್ತು. ಅವಳಿಗೂ ಗೊತ್ತು. ಅವಳಿಗೆ ಗೊತ್ತೆಂಬುದು ಅವನೊಬ್ಬನಿಗೆ ಗೊತ್ತಿಲ್ಲ. ಹೀಗೆ ತಿಂಗಳುಗಟ್ಟಲೆ ಗಡಿಯಾರ ಕೆಟ್ಟು, ಸರಿಯಾಗಿ, ಮತ್ತೆ ಕೆಟ್ಟು, ಈಗ ಅವನಿಗೆ ದೂರದ ಊರಿಗೆ ವರ್ಗವಾಗಿತ್ತು. ಅವನು ಗಡಿಯಾರವನ್ನು ಗಾಜಿನ ಮೇಜಿನ ಮೇಲಿಟ್ಟು, ಈ ಸಲ ಇದು ಕೆಟ್ಟಿಲ್ಲ ಎಂದು ಒಪ್ಪಿಕೊಂಡು, ಕೇಳಬೇಕಾದದ್ದನ್ನು ಕೇಳಿಯೇಬಿಟ್ಟಿದ್ದ.

ಸೊಸೆ ಒಲೆಯ ಮುಂದೆ ಹಾಲು ಉಕ್ಕದಂತೆ ಕಾಯುತ್ತಿದ್ದಳು. ಅವಳ ಗಂಡ ಷೂಗೆ ಪಾಲಿಷ್ ಹಾಕುತ್ತಿದ್ದ. ನಾದಿನಿ ಒದ್ದೆ ಕೂದಲು ಒರೆಸಿಕೊಳ್ಳುತ್ತ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಅವಳು ಪುರಸಭೆಯ ಈಜುಕೊಳದಲ್ಲಿ ಈಜು ಕಲಿಸುವವಳು. ನಸುಕಿನ ತರಗತಿ ಮುಗಿಸಿ ಬಂದಿದ್ದಳು.

“ಅವಳು ತಲೆಯೆತ್ತಿದಳು,” ಎಂದು ಅತ್ತೆ ಓದಿದರು. ದನಿ ತಾನಾಗಿ ಇಳಿಯಿತು. “ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಮೆಲ್ಲಗೆ, ಆದರೆ ಸ್ಪಷ್ಟವಾಗಿ, ನಾನು ನಿಮ್ಮನ್ನು ಮದುವೆಯಾಗು…”

ಪುಟ ತಿರುವಿದ ಸದ್ದು.

“ಬಸವನಹುಳುವಿನ ಕಾಟಕ್ಕೆ ಸುಲಭ ಪರಿಹಾರ,” ಎಂದು ಓದಿ ಅತ್ತೆ ತಡೆದರು. ಹಿಂದಕ್ಕೆ ತಿರುವಿದರು. ಮುಂದಕ್ಕೆ ತಿರುವಿದರು. ಪತ್ರಿಕೆಯನ್ನು ಎತ್ತಿ ಕೊಡವಿದರು, ಒಳಗಿಂದ ಏನಾದರೂ ಉದುರೀತೆಂಬಂತೆ. “ಏನೇ ಇದು? ಮದುವೆಯಾಗು ಅಂತ ಒಂದು ಗೀಟು ಎಳೆದು ನಿಲ್ಲಿಸಿಬಿಟ್ಟಿದ್ದೀರಲ್ಲ! ಮಿಕ್ಕಿದ್ದೆಲ್ಲಿ?”

ಸೊಸೆ ಬಂದು ಇಣುಕಿದಳು. ಧಾರಾವಾಹಿಯ ಪುಟದ ಕೊನೆಯ ಸಾಲು “ಮದುವೆಯಾಗು-” ಎಂಬಲ್ಲಿಗೆ ನಿಂತಿತ್ತು. ಅದರ ಕೆಳಗೆ ಪುಟದಗಲಕ್ಕೂ ಹಾಸಿಗೆಯ ಜಾಹೀರಾತು: ಜೋಡಿ ಮಂಚ, ಎರಡು ದಿಂಬು, ‘ಇನ್ನು ನಿಶ್ಚಿಂತೆ!’ ಎಂಬ ದಪ್ಪಕ್ಷರ.

ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು.

ಆದದ್ದು ಇಷ್ಟು. ಪುಟ ಮುಚ್ಚುವ ದಿನ ಸಂಜೆ ಜಾಹೀರಾತಿನವರು ತಮ್ಮ ಹಾಸಿಗೆಯನ್ನು ಒಂದು ಬೆರಳಿನಷ್ಟು ಎತ್ತರ ಮಾಡಿ ಮತ್ತೆ ಕಳಿಸಿದ್ದರು. ಅವಳು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಳು. ಆ ಒಂದು ಬೆರಳಿನ ಅಡಿಯಲ್ಲಿ ಧಾರಾವಾಹಿಯ ಕಟ್ಟಕಡೆಯ ಸಾಲು, ಅಂದರೆ ಒಡೆದ ಪದದ ಉಳಿದರ್ಧ, ಹಾಸಿಗೆಯ ಕೆಳಗೆ ಸೇರಿಹೋಯಿತು. ಕರಡು ತಿದ್ದುವವರು ಅದಾಗಲೇ ಪುಟ ನೋಡಿ ಸಹಿ ಹಾಕಿ ಮನೆಗೆ ಹೋಗಿದ್ದರು.

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪುಟ್ಟಮ್ಮ ಎಂದು. ಪುಟ ಕಟ್ಟುವವಳಾದ್ದರಿಂದ ಪುಟದಮ್ಮ. ಅದು ಬಾಯಿಂದ ಬಾಯಿಗೆ ಸವೆದು ಪುಟ್ಟಮ್ಮ. ಕರಡು ತಿದ್ದುವ ಹಿರಿಯರಿಗಂತೂ ‘ಕರಡಿ’ ಎಂಬ ಹೆಸರು ಕಾಯಂ ಆಗಿತ್ತು. ಅದಕ್ಕೆ ಕಾರಣ ಅವರ ಕೈಯ ರೋಮವೋ ಅವರು ಮಾಡುವ ಕೆಲಸವೋ ಎಂಬುದರಲ್ಲಿ ಎರಡು ಪಂಗಡಗಳಿದ್ದವು. ಸಾಲಿನ ಕೊನೆಯಲ್ಲಿ ಪದ ಒಡೆಯುವ ವಿಷಯದಲ್ಲಿ ಅವರು ಬಡಪೆಟ್ಟಿಗೆ ಬಗ್ಗುವವರಲ್ಲ. ಕಂಪ್ಯೂಟರಿಗೆ ಬಿಟ್ಟರೆ ಅದು ಎಲ್ಲಿ ಜಾಗ ಮುಗಿಯಿತೋ ಅಲ್ಲೇ ಕಡಿದು ಹೈಫನ್ ಅಂಟಿಸಿಬಿಡುತ್ತಿತ್ತು. ಮಂಗಳವಾರದಲ್ಲಿ ಮಂಗವೊಂದು ಒಂದು ಸಾಲಿನಲ್ಲಿ ಕೂತು ‘ಳವಾರ’ ಇನ್ನೊಂದಕ್ಕೆ ಜಾರುತ್ತಿತ್ತು. ‘ಜನರಿಗೆ’ ಹಂಚಿದ ಕಂಬಳಿಗಳು ‘ನರಿಗೆ’ ಹೋಗಿ ಸೇರುತ್ತಿದ್ದವು. ಹೆಡ್‌ಮಾಸ್ತರರೊಬ್ಬರ ಬೀಳ್ಕೊಡುಗೆ ವರದಿಯಲ್ಲಿ “ಎಲ್ಲರೂ ಮೇಷ್ಟ್ರ ಕುರಿ-” ಎಂಬಲ್ಲಿಗೆ ಸಾಲು ಮುಗಿದು, “ತು ಮಾತನಾಡಿದರು” ಎಂಬುದು ಪಕ್ಕದ ಅಂಕಣದ ನೆತ್ತಿಗೆ ಹೋಗಿತ್ತು. ಅಂದಿನಿಂದ ಕರಡಿ ಎರಡು ಕಟ್ಟಪ್ಪಣೆ ಮಾಡಿದ್ದರು. ಒಡೆದ ಪದದ ಒಂದೇ ಅಕ್ಷರವನ್ನು ಮುಂದಿನ ಸಾಲಿಗೆ ತಳ್ಳಕೂಡದು. ಮುಂದಿನ ಸಾಲು ಒತ್ತಕ್ಷರದಿಂದ ಶುರುವಾಗಕೂಡದು. ಪುಟ್ಟಮ್ಮ ಅವೆರಡನ್ನೂ ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದಳು. ಈಗ ಪಾಲಿಸಿಯೂ ಸಿಕ್ಕಿಬಿದ್ದಿದ್ದಳು.

“ಮಿಕ್ಕಿದ್ದೇನು, ಹೇಳು,” ಎಂದರು ಅತ್ತೆ.

“ಆಫೀಸಿಗೆ ಹೊತ್ತಾಯ್ತು ಅತ್ತೆ,” ಎಂದು ಪುಟ್ಟಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅವಳು ಮೆಟ್ಟಿಲು ಹತ್ತುವಾಗಲೇ ಸಂಪಾದಕರ ಕೋಣೆಯಿಂದ ದೊಡ್ಡ ದನಿ ಕೇಳುತ್ತಿತ್ತು. ಧಾರಾವಾಹಿಯ ಲೇಖಕರು ಬಂದಿದ್ದರು. ವೃತ್ತಿಯಿಂದ ಅವರು ಹಲ್ಲಿನ ಡಾಕ್ಟರು. ಬಿಳಿ ಕೋಟಿನಲ್ಲೇ ಓಡಿಬಂದಿದ್ದರು, ಜೇಬಿನಲ್ಲಿ ಪುಟ್ಟ ಕನ್ನಡಿ ಹಾಗೇ ಇತ್ತು.

“ತಿಂಗಳುಗಟ್ಟಲೆ ಅವಳನ್ನ ಈ ಒಂದು ಮಾತಿಗೆ ತಯಾರು ಮಾಡಿದ್ದೀನಿ ಸ್ವಾಮಿ! ಬಾಯಿ ತೆರೆದಳು, ನೀವು ಹಾಸಿಗೆ ಹಾಸಿಬಿಟ್ರಿ!”

ಸಂಪಾದಕರು ಪೆಪ್ಪರ್‌ಮಿಂಟ್ ಚೀಪುತ್ತ ಕೈ ಮುಗಿಯುತ್ತಿದ್ದರು. ಪುಟ್ಟಮ್ಮನನ್ನು ಕಂಡದ್ದೇ ಅವರ ಮುಖ ಕೆಂಪಾಯಿತು. “ಬನ್ನಿ, ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ. ಇವತ್ತೇ ಕೊನೆ…”

ಟೆಲಿಫೋನ್ ಹೊಡೆದುಕೊಂಡಿತು. ಸಂಪಾದಕರು ಎತ್ತಿದರು. “ಹೌದಮ್ಮ… ಇಲ್ಲಮ್ಮ, ಅಚ್ಚಿನ ತಪ್ಪು… ಅದನ್ನ ಹೇಗಮ್ಮ ಹೇಳೋದು…” ಇಟ್ಟರು. ಮತ್ತೆ ಹೊಡೆದುಕೊಂಡಿತು. ಈ ಸಲ ನಿವೃತ್ತ ನ್ಯಾಯಾಧೀಶರು. ಉತ್ತರ ತಿಳಿಯದೆ ತಿಂಡಿ ಸೇರುತ್ತಿಲ್ಲವೆಂದು ದೂರು. ಮೂರನೆಯದು ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯವನದು. ತಂದದ್ದೆಲ್ಲ ಖಾಲಿಯಾಗಿದೆ, ಓದಿದವರು ಓದದವರಿಗೆ ಹೇಳಿ ಕಳಿಸುತ್ತಿದ್ದಾರೆ, ಇನ್ನಷ್ಟು ಕೊಡಿ.

ಸಂಪಾದಕರು ರಿಸೀವರನ್ನು ಮೆಲ್ಲಗೆ, ನಿದ್ದೆಹೋದ ಮಗುವನ್ನು ಮಲಗಿಸಿದಂತೆ ಇಟ್ಟರು. ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು.

“ಪುಟ್ಟಮ್ಮ, ಕೂತ್ಕೊಳ್ಳಿ. ಯಾಕೆ ನಿಂತಿದ್ದೀರಿ? ಡಾಕ್ಟ್ರೇ, ನೀವೂ ಕೂತ್ಕೊಳ್ಳಿ. ತಪ್ಪೊಪ್ಪಿಗೆ ಅಂತ ನಾಳೆ ಬೋರ್ಡ್ ಹಾಕೋದೇನೂ ಬೇಡ. ಮುಂದಿನ ಗುರುವಾರ ಮಿಕ್ಕ ಅರ್ಧ ಬರುತ್ತೆ. ಅಲ್ಲೀವರೆಗೂ ಅದೇನು ಅನ್ನೋದು ಈ ಕೋಣೆ ಬಿಟ್ಟು ಆಚೆ ಹೋಗಕೂಡದು. ಗೊತ್ತಿರೋದು ನಮ್ಮ ನಾಲ್ಕೇ ಜನಕ್ಕೆ. ನಿಮ್ಮ ಮನೆಯವರಿಗೂ ಹೇಳೋ ಹಾಗಿಲ್ಲ.”

“ಮನೇಲಿ ಅತ್ತೆ ಇದ್ದಾರೆ, ಸಾರ್,” ಎಂದಳು ಪುಟ್ಟಮ್ಮ.

“ಅವರಿಗೂ.”

“ನಿಮಗೆ ನಮ್ಮತ್ತೆ ಗೊತ್ತಿಲ್ಲ, ಸಾರ್.”

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಕರಡಿ ನಿಟ್ಟುಸಿರಿಟ್ಟರು. ಲೇಖಕರಿಗೂ ಸಿಟ್ಟು ಇಳಿಯುತ್ತ ಬಂದಿತ್ತು. ನ್ಯಾಯಾಧೀಶರೂ ಓದುತ್ತಾರೆಂದು ಅವರಿಗೆ ತಿಳಿದಿರಲಿಲ್ಲ.

ಅಂದಿನಿಂದ ಪುಟ್ಟಮ್ಮನ ಮನೆಯಲ್ಲಿ ಮುತ್ತಿಗೆ ಶುರುವಾಯಿತು. ಮೊದಲ ದಿನ ಅತ್ತೆ ಬೆಣ್ಣೆಯಂಥ ಮಾತಿನಿಂದ ಬಂದರು. ಪಾತ್ರೆ ತೊಳೆಯಲು ಬಿಡಲಿಲ್ಲ, ಬೆನ್ನು ನೋಯುತ್ತಿದೆಯೇ ಎಂದು ಕೇಳಿದರು, ತಮ್ಮ ರೇಷ್ಮೆ ಶಾಲು ಅವಳಿಗೆ ಎಷ್ಟು ಒಪ್ಪುತ್ತದೆ ನೋಡೋಣ ಎಂದರು. ಎರಡನೆಯ ದಿನ ಎದೆಯ ಮೇಲೆ ಕೈಯಿಟ್ಟು, “ಈ ವಯಸ್ಸಿನಲ್ಲಿ ಗುರುವಾರದ ತನಕ ನಾನು ಇರ್ತೀನೋ ಇಲ್ವೋ,” ಎಂದರು. ಮಗ ಗಾಬರಿಯಾಗಿ, “ಡಾಕ್ಟರ ಹತ್ರ ಹೋಗೋಣ್ವಾ ಅಮ್ಮ?” ಎಂದರೆ, “ಹೋಗೋಣ, ಆ ಹಲ್ಲಿನ ಡಾಕ್ಟರ ಹತ್ರ,” ಎಂದರು. ಮೂರನೆಯ ದಿನ ಮಾತು ಬಿಟ್ಟರು. ಮಾತು ಬಿಟ್ಟದ್ದನ್ನು ಮನೆಯವರಿಗೆಲ್ಲ ಒಬ್ಬೊಬ್ಬರನ್ನೇ ಕರೆದು ಹೇಳಿದರು.

ಬೀದಿಯೂ ಎರಡಾಗಿತ್ತು. ಟೈಲರ ಅಂಗಡಿಯಲ್ಲಿ ‘ತ್ತೇನೆ’ಯವರು, ಇಸ್ತ್ರಿ ಅಂಗಡಿಯಲ್ಲಿ ‘ವುದಿಲ್ಲ’ದವರು ಸೇರುತ್ತಿದ್ದರು. ಬಟ್ಟೆ ಹೊಲಿಸಿ ಇಸ್ತ್ರಿಗೆ ಕೊಡುವವರು ಎರಡೂ ಕಡೆ ಬೈಸಿಕೊಂಡರು. ‘ತ್ತೇನೆ’ಯವರ ಕೈಯಲ್ಲಿ ಬಲವಾದ ಸಾಕ್ಷಿಯಿತ್ತು: ಜೋಡಿ ಮಂಚದ ಜಾಹೀರಾತು. ಎರಡು ದಿಂಬು ಸುಮ್ಮನೆ ಹಾಕುತ್ತಾರೆಯೇ? ಅದಕ್ಕೆ ಇಸ್ತ್ರಿಯವನು, ಮಂಚ ಖಾಲಿ ಇದೆಯಲ್ಲ, ಅದನ್ನು ನೋಡಿ ಎನ್ನುತ್ತಿದ್ದ. ಗ್ರಂಥಾಲಯದ ಹೆಂಗಸು ಯಾವ ಪಕ್ಷಕ್ಕೂ ಸೇರದೆ, ‘ಮದುವೆಯಾಗುವಷ್ಟು ಧೈರ್ಯ ನನಗಿಲ್ಲ’ ಎಂದೂ ಇರಬಹುದಲ್ಲ ಎಂದು ಎಲ್ಲರ ನೆಮ್ಮದಿ ಕೆಡಿಸಿದಳು. ನಮ್ಮ ಭಾಷೆಯ ಕ್ರಿಯಾಪದಕ್ಕೆ ಎಷ್ಟು ಬಾಲಗಳನ್ನು ಅಂಟಿಸಬಹುದೆಂಬುದು ಆ ವಾರ ಬೀದಿಗೆಲ್ಲ ತಿಳಿಯಿತು.

ಅತ್ತೆ ಕಟ್ಟಾ ‘ತ್ತೇನೆ’. ಅದಕ್ಕೆ ಕಾರಣ ಮನೆಯೊಳಗೇ ಇತ್ತು. ತಿರುವಿನ ಕನ್ನಡಕದಂಗಡಿಯವನು ನಾದಿನಿಯನ್ನು ಮದುವೆಯಾಗೆಂದು ಕೇಳಿ ಕೆಲವು ವಾರಗಳಾಗಿದ್ದವು. ನಲವತ್ತರ ಅಂಚಿನ ಮನುಷ್ಯ, ದೊಡ್ಡವರ ತರಗತಿಗೆ ಈಜು ಕಲಿಯಲು ಬಂದವನು. ಕನ್ನಡಕ ತೆಗೆದರೆ ಕೊಳದ ಗೋಡೆ ಎಲ್ಲಿದೆಯೆಂದು ಕಾಣದೆ ದಿನವೂ ಹಣೆ ಬಡಿಸಿಕೊಳ್ಳುತ್ತಿದ್ದ. ನಾದಿನಿ ಅವನಿಗೆ ಗೋಡೆ ಬಂದಾಗ ಸೀಟಿ ಊದುವ ವ್ಯವಸ್ಥೆ ಮಾಡಿದ್ದಳು. ಈಜು ಬಂತು, ಸೀಟಿ ಬೇಕಿಲ್ಲದಿದ್ದರೂ ಅವನು ತರಗತಿ ಬಿಡಲಿಲ್ಲ. ಕೊನೆಗೊಂದು ದಿನ ಕೇಳಿದ. ಅವಳು, “ಯೋಚಿಸಿ ಹೇಳ್ತೀನಿ,” ಎಂದಳು. ಅದನ್ನು ಮನೆಯಲ್ಲಿ ಹೇಳಿ ತಪ್ಪು ಮಾಡಿದಳು.

“ಅಷ್ಟು ದೊಡ್ಡ ಅಂಗಡಿ ಇಟ್ಟುಕೊಂಡಿರೋ ಗಡಿಯಾರದವಳೇ ಒಪ್ಪುವಾಗ ಕೆಲವರಿಗೇನು ಧಾಡಿಯೋ,” ಎಂದು ಅತ್ತೆ ತರಕಾರಿ ಹೆಚ್ಚುತ್ತ ಗೋಡೆಗೆ ಹೇಳಿದರು. ಗೋಡೆಯ ಮುಂದೆ ಮಗಳು ಕೂತಿದ್ದಳು.

“ಅವಳು ಒಪ್ಪಿದ್ದಾಳೆ ಅಂತ ನಿನಗೆ ಯಾರು ಹೇಳಿದ್ರು?”

“ಒಪ್ಪದೆ ಏನು? ಭೂತಗನ್ನಡಿ ತೆಗೆದಿಟ್ಟಳಲ್ಲ! ಬೇಡ ಅನ್ನೋಳು ಅದನ್ನ ಯಾಕೆ ತೆಗೀತಾಳೆ?”

“ಮುಖ ಸರಿಯಾಗಿ ಕಾಣಲಿ ಅಂತ.”

“ನೋಡು, ನೋಡು. ಮುಖ ನೋಡಬೇಕು ಅನ್ನಿಸಿತಲ್ಲ!”

ನಾದಿನಿ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಕೊಳಕ್ಕೆ ಬರುವ ಮಕ್ಕಳ ತಾಯಂದಿರೂ ಈಗ ಅವಳನ್ನು ಒಂದು ಥರ ನಗುತ್ತ ನೋಡಿ, “ನೀವು ತ್ತೇನೆಯೋ ವುದಿಲ್ಲವೋ?” ಎಂದು ಕೇಳತೊಡಗಿದ್ದರು. ಅವರು ಕೇಳುತ್ತಿದ್ದುದು ಧಾರಾವಾಹಿಯ ಬಗ್ಗೆಯೇ ಎಂದು ನಂಬುವುದು ಕಷ್ಟವಾಗಿತ್ತು.

ಪುಟ್ಟಮ್ಮನಿಗೆ ಉತ್ತರ ಗೊತ್ತಿತ್ತು. ಹಾಸಿಗೆಯ ಕೆಳಗೆ ಸಿಕ್ಕಿಕೊಂಡ ಸಾಲು ‘ವುದಿಲ್ಲ,” ಎಂದಳು’ ಎಂಬುದಾಗಿತ್ತು. ಗಡಿಯಾರದವಳಿಗೆ ಸರ್ವೇಯರ ಮೇಲೆ ಪ್ರೀತಿಯಿತ್ತು. ಆದರೆ ಅಂಗಡಿ ಮುಚ್ಚಿ, ಕಾಣದ ಊರಿಗೆ ಅವನ ಹಿಂದೆ ಹೋಗುವ ಮನಸ್ಸಿರಲಿಲ್ಲ. ಅವನಾದರೂ, ನಾನೇ ಇಲ್ಲಿ ಉಳಿಯಲೇ ಎಂದು ಕೇಳಿರಲಿಲ್ಲ. ಅತ್ತೆಯ ಸಂಭ್ರಮ ನೋಡಿದಾಗಲೆಲ್ಲ ಪುಟ್ಟಮ್ಮ ಏನಾದರೊಂದು ನೆಪ ಹೇಳಿ ಅಡುಗೆಮನೆಗೆ ಎದ್ದುಹೋಗುತ್ತಿದ್ದಳು.

ಶನಿವಾರ ಹಲ್ಲಿನ ಡಾಕ್ಟರು ಮತ್ತೆ ಕಚೇರಿಗೆ ಬಂದರು. ಈ ಸಲ ಓಡಿಬರಲಿಲ್ಲ, ಸೋತು ಬಂದರು.

“ರೋಗಿಗಳು ಬಿಡ್ತಿಲ್ಲ,” ಎಂದರು. “ನಾನು ಉಪಕರಣ ಬಾಯೊಳಗಿಡೋ ತನಕ ಒಂದೇ ಪ್ರಶ್ನೆ. ತೆಗೆದ ಕೂಡಲೇ ಮತ್ತೆ ಅದೇ. ನಿನ್ನೆ ಒಬ್ಬರು ಇಕ್ಕಳ ಇದ್ದ ಹಾಗೇ ಕೇಳಿದ್ರು. ನಮ್ಮ ಮನೆಯವಳಂತೂ, ಅವಳು ಬೇಡ ಅಂದ್ರೆ ನಾನೂ ತವರಿಗೆ ಹೋಗ್ತೀನಿ ಅಂತಿದ್ದಾಳೆ. ಅಲ್ಲ, ಅವಳಿಗೂ ಇವಳಿಗೂ ಏನು ಸಂಬಂಧ? ಬೇಡ ಸ್ವಾಮಿ. ಒಪ್ಪಿಸಿಬಿಡೋಣ. ‘ತ್ತೇನೆ’ ಅಂತ ಹಾಕಿ ಮುಗಿಸಿ.”

“ಆಗೋದಿಲ್ಲ,” ಎಂದರು ಕರಡಿ.

“ಯಾಕೆ?”

“ಸಾಲು ಒತ್ತಕ್ಷರದಿಂದ ಶುರುವಾಗೋ ಹಾಗಿಲ್ಲ. ‘ಮದುವೆಯಾಗುತ್ತೇನೆ’ ಅಂತಿದ್ರೆ ಪುಟ್ಟಮ್ಮ ‘ಮದುವೆಯಾ’ ಅಂತ ಮೇಲೆ ಬಿಟ್ಟು ‘ಗುತ್ತೇನೆ’ ಅಂತ ಕೆಳಗೆ ತರ್ತಿದ್ರು. ‘ಗು’ ಆಗಲೇ ಮೇಲೆ ಅಚ್ಚಾಗಿಹೋಗಿದೆ. ಈಗ ಅವಳು ಒಪ್ಪೋಕೆ ದಾರಿ ಇಲ್ಲ.”

ಸಂಪಾದಕರು ಕುರ್ಚಿಯಿಂದ ಎದ್ದರು. “ಏನ್ರೀ, ಒಂದು ಹೆಣ್ಣಿನ ಬಾಳು ನಿಮ್ಮ ಒತ್ತಕ್ಷರಕ್ಕೆ ತಗಲಿಹಾಕಿಕೊಂಡಿದೆಯಾ?”

“ನಿಯಮಕ್ಕೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ. ಮೇಷ್ಟ್ರ ಕುರಿ ಆದಮೇಲೆ.”

“ಹಾಗಾದ್ರೆ ‘ವೆ’ ಅಂತ ಹಾಕೋಣ. ಮದುವೆಯಾಗುವೆ.”

“ಒಂದೇ ಅಕ್ಷರ ಕೆಳಕ್ಕೆ ತಳ್ಳೋ ಹಾಗಿಲ್ಲ.”

ಸಂಪಾದಕರು ಪೆಪ್ಪರ್‌ಮಿಂಟನ್ನು ಕಟಕಟ ಕಡಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಹೊಳೆಯಿತು. “ವುದಾದರೆ!” ಎಂದರು. “ಮದುವೆಯಾಗುವುದಾದರೆ ನನ್ನದೊಂದು ಷರತ್ತಿದೆ, ಎಂದಳು. ಷರತ್ತು ಏನು ಅಂತ ಇನ್ನೊಂದು ವಾರ. ಅಲ್ಲೂ ಒಂದು ಪದ ಅರ್ಧಕ್ಕೆ ಒಡೆಯೋಣ. ಏನು ಪುಟ್ಟಮ್ಮ? ನಿಯಮಕ್ಕೂ ಒಪ್ಪುತ್ತಲ್ಲ?”

ಕರಡಿ ಮನಸ್ಸಿಲ್ಲದೆ ತಲೆಯಾಡಿಸಿದರು. ನಿಯಮಕ್ಕೆ ಒಪ್ಪುತ್ತಿತ್ತು.

“ಬರೆದಿದ್ದು ಹಾಗಿಲ್ಲ, ಸಾರ್,” ಎಂದಳು ಪುಟ್ಟಮ್ಮ. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. “ತಪ್ಪು ನನ್ನದು. ಜಾಹೀರಾತು ಕೂರಿಸಿದ ಮೇಲೆ ಇನ್ನೊಂದು ಸಲ ನೋಡಬೇಕಿತ್ತು. ನಾನು ಒಂದು ಸಾಲು ಬೀಳಿಸಿದೆ ಅಂತ ಅವಳ ಮಾತೇ ಬದಲಾಗೋದು ಯಾಕೋ ಸರಿ ಕಾಣಲಿಲ್ಲ.”

“ಬರೆದವರು ಇಲ್ಲೇ ಕೂತಿದ್ದಾರಲ್ಲ. ಅವರೇ ಹೇಳಲಿ.”

ಡಾಕ್ಟರು ಜೇಬಿನ ಕನ್ನಡಿಯನ್ನು ಹೊರತೆಗೆದು ಸುಮ್ಮನೆ ತಿರುಗಿಸುತ್ತ ಕೂತರು. ಮಂಗಳವಾರ ಪುಟ ಮುಚ್ಚುವ ಮೊದಲು ಹೇಳುತ್ತೇನೆ ಎಂದರು.

ಸೋಮವಾರ ನಾದಿನಿಗೆ ಹಲ್ಲುನೋವು. ಎರಡು ತಿಂಗಳಿನಿಂದ ಗೊಣಗುತ್ತಿದ್ದ ಬುದ್ಧಿಹಲ್ಲು ಈಗ ದವಡೆಯನ್ನೇ ಊದಿಸಿತ್ತು. ಆಳದ ನೀರಿಗೆ ತಲೆಕೆಳಗಾಗಿ ಧುಮುಕುವ ಅವಳಿಗೆ ಹಲ್ಲಿನ ಡಾಕ್ಟರ ಕುರ್ಚಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. “ಅತ್ತಿಗೆ, ನೀವೂ ಬನ್ನಿ,” ಎಂದು ಪುಟ್ಟಮ್ಮನ ತೋಳು ಹಿಡಿದುಕೊಂಡಳು. ಊರಲ್ಲಿ ಆ ಹೊತ್ತಿಗೆ ತೆರೆದಿದ್ದುದು ಅದೇ ಡಾಕ್ಟರ ಶಾಪು.

ಕಾಯುವ ಬೆಂಚಿನಲ್ಲಿ ಕೂತಿದ್ದವರೆಲ್ಲ ಅದೇ ಚರ್ಚೆಯಲ್ಲಿದ್ದರು. ಒಬ್ಬರ ಕೆನ್ನೆ ಬಲಕ್ಕೆ ಊದಿತ್ತು, ಇನ್ನೊಬ್ಬರದು ಎಡಕ್ಕೆ. ಪಕ್ಷಗಳೂ ಹಾಗೇ ಹಂಚಿಹೋಗಿದ್ದವು. ನಾದಿನಿ ಕಣ್ಣು ಮುಚ್ಚಿಕೊಂಡು ಕೂತಳು. ಒಳಗೆ ಕರೆದಾಗ ಪುಟ್ಟಮ್ಮನೂ ಹೋಗಿ ಕುರ್ಚಿಯ ಪಕ್ಕ ನಿಂತಳು. ಡಾಕ್ಟರು ಅವಳನ್ನು ಕಂಡು ಸಣ್ಣಗೆ ನಕ್ಕರು. ತುಂಬ ನಿದ್ದೆಗೆಟ್ಟ ಮುಖ.

“ಕೇಳಿಬಿಡಿ,” ಎಂದರು ನಾದಿನಿಗೆ. “ಎಲ್ಲರೂ ಕೇಳ್ತಾರೆ. ಆಮೇಲೆ ಬಾಯಿ ತೆರೆಯುವಿರಂತೆ.”

“ನಾನು ಕೇಳೋದಿಲ್ಲ,” ಎಂದಳು ನಾದಿನಿ. ಊದಿದ ದವಡೆಯಿಂದ ಮಾತು ಒಂದು ಕಡೆಗೆ ವಾಲುತ್ತಿತ್ತು. “ನೀವು ಏನು ಬರೆದಿದ್ದೀರೋ ನನಗೆ ಗೊತ್ತಿಲ್ಲ. ಅತ್ತಿಗೆ ಬಾಯಿ ಬಿಟ್ಟಿಲ್ಲ. ಒಂದು ಹೇಳ್ತೀನಿ ಅಷ್ಟೆ. ಅವಳು ಆಗ್ತೀನಿ ಅಂದಿದ್ರೆ ಆಗಲಿ, ಬೇಡ ಅಂದಿದ್ರೆ ಬೇಡ ಅಂತಾನೇ ಇರಲಿ. ಟೈಲರು, ಇಸ್ತ್ರಿಯವನು, ನಮ್ಮಮ್ಮ, ಬೀದಿಯವರೆಲ್ಲ ಸೇರಿಕೊಂಡು ಅವಳ ಬಾಯಿಗೆ ಮಾತು ತುರುಕ್ತಾ ಇದ್ದಾರೆ. ಪಾಪ, ಅವಳು ಬಾಯಿ ತೆರೆದುಕೊಂಡು ಗುರುವಾರದಿಂದ ಹಾಗೇ ನಿಂತಿದ್ದಾಳೆ.”

ಡಾಕ್ಟರು ಕೈಗವಸು ಎಳೆದುಕೊಳ್ಳುತ್ತಿದ್ದವರು ನಿಂತರು.

“ನಿಮ್ಮನ್ನೂ ಯಾರೋ ಹಿಂಗೇ ಪೀಡಿಸ್ತಿದ್ದಾರೆ ಅನ್ನಿಸುತ್ತೆ,” ಎಂದರು.

“ಆ,” ಎಂದು ನಾದಿನಿ ಬಾಯಿ ತೆರೆದಳು. ಅದು ಉತ್ತರವೋ ಹಲ್ಲು ತೋರಿಸಿದ್ದೋ ತಿಳಿಯಲಿಲ್ಲ.

ಹಲ್ಲು ಬಂತು. ಬರುವಾಗ ಪುಟ್ಟಮ್ಮನ ಕೈ ಮೇಲೆ ಉಗುರಿನ ಗುರುತು ಮೂಡಿತು. ಡಾಕ್ಟರು ಹತ್ತಿಯುಂಡೆ ಕಚ್ಚಿಸಿ, ತಣ್ಣಗಿನದನ್ನೇ ಕುಡಿಯಿರಿ ಎಂದು ಹೇಳಿ, ಬಾಗಿಲವರೆಗೂ ಬಂದು ಪುಟ್ಟಮ್ಮನ ಕಿವಿಯ ಹತ್ತಿರ ಹೇಳಿದರು: “ಮೊದಲು ಬರೆದದ್ದೇ ಇರಲಿ. ಸಂಪಾದಕರಿಗೆ ನಾನೇ ಫೋನ್ ಮಾಡ್ತೀನಿ. ನಮ್ಮ ಮನೆಯವಳು ತವರಿಗೆ ಹೋದ್ರೆ ಹೋಗಲಿ, ನಾಲ್ಕು ದಿನ ಇದ್ದು ಬರ್ತಾಳೆ.”

ಗುರುವಾರ ಬೆಳಿಗ್ಗೆ ಪತ್ರಿಕೆಯವನು ಸೈಕಲ್ಲಿನಿಂದ ಇಳಿಯುವ ಮೊದಲೇ ಅತ್ತೆ ಗೇಟಿನಲ್ಲಿದ್ದರು. ಬೀದಿಯುದ್ದಕ್ಕೂ ಗೇಟುಗಳಲ್ಲಿ ಜನ. ಪುಟ್ಟಮ್ಮ ಒಳಗೆ ನಿಂತು ಒಲೆಗೆ ಬೆನ್ನು ಹಾಕಿಕೊಂಡು ಕಾದಳು. ಪುಟವನ್ನು ಈ ಸಲ ಅವಳು ಮತ್ತೆ ಮತ್ತೆ ನೋಡಿದ್ದಳು, ಅಂಕಣದ ನೆತ್ತಿಯಲ್ಲಿ ‘ವುದಿಲ್ಲ,” ಎಂದಳು’ ಎಂಬ ಸಾಲು ಯಾವ ಜಾಹೀರಾತಿಗೂ ಎಟುಕದ ಎತ್ತರದಲ್ಲಿ ಕೂತಿತ್ತು.

ಅತ್ತೆ ಅಂಗಳದಲ್ಲೇ ಓದಿದರು. ಈ ಸಲ ದನಿ ಕೇಳಿಸಲಿಲ್ಲ. ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಪತ್ರಿಕೆಯನ್ನು ಮಡಿಚಿ ಮೇಜಿನ ಮೇಲಿಟ್ಟರು.

“ಬೇಡ ಅಂದುಬಿಟ್ಟಳು,” ಎಂದರು.

ಇಸ್ತ್ರಿ ಅಂಗಡಿಯ ಕಡೆಯಿಂದ ಚಪ್ಪಾಳೆ ಕೇಳಿಸಿತು.

“ಅಷ್ಟು ಸಲ ಗಡಿಯಾರ ತಂದ. ಅಷ್ಟು ಸಲ ಇವಳು ಸರಿ ಮಾಡಿಕೊಟ್ಟಳು. ಕೊನೆಗೆ ಬೇಡ ಅಂದುಬಿಟ್ಟಳಲ್ಲ! ನಿನಗೆ ಗೊತ್ತಿತ್ತು, ಅಲ್ವೇನೇ?” ಎಂದು ಸೊಸೆಯತ್ತ ತಿರುಗಿದರು. “ವಾರವಿಡೀ ಗೊತ್ತಿದ್ದೂ ನನ್ನ ಕೈಯಲ್ಲಿ ಹಾಗೆಲ್ಲ ಮಾತಾಡಿಸಿದೆ. ಟೈಲರ ಮುಂದೆ ನಾನು ಯಾವ ಮುಖ ಹೊತ್ಕೊಂಡು ಹೋಗಲಿ?”

“ಹೇಳಬಾರದು ಅಂತ ಮಾತು ಕೊಟ್ಟಿದ್ದೆ ಅತ್ತೆ.”

“ನಾನು ಎಕ್ಸ್‌ಚೇಂಜಿನಲ್ಲಿ ಎಷ್ಟು ಕೇಳಿದೀನಿ, ಒಂದನ್ನೂ ಯಾರಿಗೂ ಹೇಳಿದೋಳಲ್ಲ. ಅದೇನೋ ಸರಿ.” ಅತ್ತೆಯ ದನಿ ಸ್ವಲ್ಪ ಮೆತ್ತಗಾಯಿತು. “ಆದ್ರೂ.”

“ಅಮ್ಮಾ,” ಎಂದಳು ನಾದಿನಿ. ದವಡೆಯ ಊತ ಇಳಿದಿದ್ದರಿಂದ ಮಾತು ನೆಟ್ಟಗಾಗಿತ್ತು. “ನಾನು ಒಪ್ಪಿಕೊಂಡೆ.”

“ನೀನು ಒಪ್ಪಿಕೊಂಡ್ರೆ ಏನು ಬಂತು? ನೀನು ಮೊದಲಿಂದ್ಲೂ ಅವಳ ಕಡೆ ತಾನೆ.”

“ಅದಲ್ಲಮ್ಮ. ಕನ್ನಡಕದಂಗಡಿಯವರಿಗೆ. ಆಗಲಿ ಅಂತ ಹೇಳಿದೆ.”

ಅತ್ತೆ ಮಗಳನ್ನು ನೋಡಿದರು. ಸೊಸೆಯನ್ನು ನೋಡಿದರು. ಮಗ ಒಂದು ಷೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದ.

“ಯಾವಾಗ?”

“ನಿನ್ನೆ ಸಾಯಂಕಾಲ. ಮನಸ್ಸಿನಲ್ಲಿ ಅಂದುಕೊಂಡು ಹದಿನೈದು ದಿನವೇ ಆಯ್ತು.”

“ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?”

“ಹೇಳೋಣ ಅಂತ ಬಂದ ದಿನವೇ ಇದು ಶುರುವಾಯ್ತು. ಆಗ ಹೇಳಿದ್ರೆ, ಗಡಿಯಾರದವಳನ್ನ ನೋಡಿ ಇವಳಿಗೂ ಬುದ್ಧಿ ಬಂತು ಅಂತ ನೀನು ಬೀದಿಗೆಲ್ಲ ಸಾರ್ತಿದ್ದೆ. ಬೇರೆ ಯಾರದೋ ಉತ್ತರಕ್ಕೆ ನನ್ನದನ್ನ ಬಾಲ ಮಾಡೋದು ನನಗೆ ಬೇಕಿರಲಿಲ್ಲ. ಅವರಿಗೂ, ಸ್ವಲ್ಪ ತಾಳಿ, ನಮ್ಮ ಬೀದಿ ತಣ್ಣಗಾಗಲಿ ಅಂತ ಹೇಳೋಣ ಅಂದ್ಕೊಂಡೆ. ಆದ್ರೆ ನಿನ್ನೆ ಕೊಳದಲ್ಲಿ ಅವರು ಮತ್ತೆ ಗೋಡೆಗೆ ಹಣೆ ಬಡಿಸಿಕೊಂಡ್ರು. ನನ್ನ ಕಡೆ ನೋಡ್ಕೊಂಡು ಈಜ್ತಿದ್ರಂತೆ. ಇನ್ನು ಕಾಯಿಸಿದ್ರೆ ತಲೆ ಒಡೆದುಕೊಳ್ತಾರೆ ಅಂತ ಹೇಳಿಬಿಟ್ಟೆ.”

ಅತ್ತೆ ಎದ್ದರು, ಮತ್ತೆ ಕೂತರು. ಒಂದು ಕಣ್ಣಿನಲ್ಲಿ ಗಡಿಯಾರದವಳ ದುಃಖವೂ ಇನ್ನೊಂದರಲ್ಲಿ ಮಗಳ ಸಂತೋಷವೂ ಒಟ್ಟಿಗೆ ಬಂದು, ಯಾವುದಕ್ಕೆ ಮೊದಲು ಅಳಬೇಕೆಂದು ತಿಳಿಯದೆ ಸೊಸೆಯ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. ಆಮೇಲೆ ಮಗಳ ಕೆನ್ನೆ ಹಿಡಿದರು. ಹಲ್ಲು ಕಿತ್ತ ಕಡೆಯದನ್ನೇ ಹಿಡಿದದ್ದರಿಂದ ಅವಳು ಚೀರಿದಳು.

ಭಾನುವಾರ ಕನ್ನಡಕದಂಗಡಿಯವನು ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಒಂದು ಸಣ್ಣ ಪಟ್ಟಿ. ಪುಟ್ಟಮ್ಮ ಕಾಫಿ ತಂದಿಟ್ಟಳು. ಅವಳ ಗಂಡ ಹವೆಯ ಬಗ್ಗೆ ಒಂದೆರಡು ಮಾತಾಡಿ ಸುಮ್ಮನಾದ. ಅತ್ತೆ ಎದುರಿಗೆ ಕೂತು, ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ನೇರವಾಗಿ ಕೇಳಿದರು: “ನೀವು ಯಾವ ಕಡೆಯವರು?”

“ಯಾವುದರಲ್ಲಿ?” ಎಂದ ಅವನು.

“ಧಾರಾವಾಹೀಲಿ. ಗಡಿಯಾರದವಳು.”

ಅವನು ನಾದಿನಿಯತ್ತ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ. “ಕ್ಷಮಿಸಿ,” ಎಂದ, “ನಾನು ಕಥೆಗಿತೆ ಓದೋದಿಲ್ಲ. ಅಂಗಡೀಲಿ ದಿನವಿಡೀ ಅಕ್ಷರದ ಬೋರ್ಡ್ ನೋಡಿ ನೋಡಿ ಸಾಕಾಗಿರುತ್ತೆ.”

ಪುಟ್ಟಮ್ಮ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅತ್ತೆ ಅವನನ್ನು ಕನಿಕರದಿಂದ ನೋಡಿದರು. ಇಂಥ ಮನುಷ್ಯನೂ ಊರಲ್ಲಿ ಉಳಿದಿದ್ದಾನೆಂದು ಅವರಿಗೆ ನಂಬಿಕೆಯಾಗಲಿಲ್ಲ.

“ಹಾಗಾದ್ರೆ ಆರಾಮಾಗಿ ಕೂತ್ಕೊಳ್ಳಿ,” ಎಂದು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಮೊದಲಿಂದ ಹೇಳ್ತೀನಿ. ಅವರಪ್ಪ ಇರ್ತಾನೆ ನೋಡಿ, ಅವನು ಅಂಗಡಿ ಇಟ್ಟಿದ್ದು ಹೇಗೆ ಅಂದ್ರೆ…”

ಅವನು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಯಾಡಿಸಿದ. ನಾದಿನಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಮಕ್ಕಳ ತರಗತಿಗೆ ಹೊತ್ತಾಯಿತೆಂದು ಹೇಳಿ, ನಗು ತಡೆಯುತ್ತ ಮೆಟ್ಟಿಲಿಳಿದು ಹೋದಳು.